ಕೋರ್ಟಿನ ಕೆಳಗಿನ ಮನೆ

ಬ್ರೆನ್ನೆಕ್ ಕೌಂಟಿ ಕೋರ್ಟು, ಮೊಂಟಾನಾ
೧೪ ಅಕ್ಟೋಬರ್ ೧೯೩೮

ಪ್ರೀತಿಯ ಟಿಲ್ಡಕ್ಕನಿಗೆ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಬಿಡುವಿರಲಿಲ್ಲ ಎಂದರೆ ಸುಳ್ಳಾದೀತು; ಮನಸ್ಸೇ ಬರಲಿಲ್ಲ, ಕ್ಷಮಿಸು. ಮೊಮ್ಮಗಳ ಕೆಮ್ಮು ಕಡಿಮೆಯಾಯಿತೇ?

ಪತ್ರಿಕೆಯಲ್ಲಿ ಓದಿರುತ್ತೀ, ನಮ್ಮ ಜೈಲಿನಿಂದ ಕೈದಿ ತಪ್ಪಿಸಿಕೊಂಡು ಹೋದ. ಜೈಲೆಂದರೆ ನಮ್ಮ ಅಡುಗೆಮನೆಯ ಪಕ್ಕದ ಎರಡು ಕೋಣೆ, ಅಷ್ಟೇ. ಓರಿನ್ ಶೆರಿಫ್ ಆಗಿ ನಾವು ಗಂಡಹೆಂಡತಿ ಕೋರ್ಟಿನ ಕೆಳಗಿನ ಈ ಮನೆಗೆ ಬಂದು ಹದಿನಾರು ವರ್ಷ. ಅವನು ಹಿಡಿದು ತಂದವರಿಗೆಲ್ಲ ಬೇಯಿಸಿ ಹಾಕಿದವಳು ನಾನು. ಈ ಕ್ಲೀಟಸ್ ವೆಲ್ಚ್ ದನ ಕದ್ದ ಆರೋಪದ ಮೇಲೆ ಬಂದವನು. ನ್ಯಾಯಾಧೀಶರು ಬರುವುದು ವರ್ಷಕ್ಕೆರಡು ಸಲ, ಅಲ್ಲಿಯವರೆಗೆ ಇಲ್ಲೇ ಇರಬೇಕು. ಏಳು ವಾರ ನನ್ನ ಕೈಯೂಟ ಉಂಡ. ನಾನೂ ನಾಲ್ಕು ಮಾತಾಡುತ್ತಿದ್ದೆ. ಅದೇ ಈಗ ಮುಳುವಾಗಿದೆ.

ಮಂಗಳವಾರ ಮಧ್ಯಾಹ್ನ ಕೋಣೆ ಖಾಲಿಯಾಗಿತ್ತು. ಬಾಗಿಲು ಮುರಿದಿರಲಿಲ್ಲ, ಬೀಗದಲ್ಲೇ ಕೀಲಿ ಇತ್ತು. ಇರುವುದು ಎರಡು ಕೀಲಿ. ಒಂದು ಓರಿನ್ ಸೊಂಟದಲ್ಲೇ ಇತ್ತು. ಬೀಗದಲ್ಲಿದ್ದದ್ದು ನನ್ನ ಅಡುಗೆಮನೆಯ ಮೊಳೆಗೆ ತೂಗುಹಾಕಿರುತ್ತಿದ್ದ ಕೀಲಿ.

ಇಡೀ ಕೌಂಟಿಗೆ ಆರುನೂರು ಜನ. ಅಷ್ಟೂ ಜನರಿಗೆ ಸಂಜೆಯೊಳಗೆ ತಿಳಿಯಿತು. ಮೇಲಿನ ಕಚೇರಿಯ ಗುಮಾಸ್ತೆ ಮಿಸೆಸ್ ಹೌಗನ್ ದಿನಾ ಕಾಫಿಗೆ ಇಳಿದು ಬರುತ್ತಿದ್ದವಳು, ಈಗ ಮೆಟ್ಟಿಲ ಮೇಲೆಯೇ ನಿಲ್ಲುತ್ತಾಳೆ. “ಏಳು ವಾರ ಬಡಿಸಿದ್ರೆ ಯಾರಿಗಾದ್ರೂ ಕರುಳು ಕರಗತ್ತೆ ಬಿಡು, ಆಲ್ಮಾ,” ಎಂದಳು, ನಗುತ್ತಲೇ. ಕೌಂಟಿಯ ಹಿರಿಯರು ನನ್ನನ್ನು ಸಾಕ್ಷಿಕಟ್ಟೆಯಲ್ಲಿ ಕೂರಿಸಿ ವಿಚಾರಿಸಿದರು. ಪ್ರತಿ ಶನಿವಾರ ಅದರ ಧೂಳು ಒರೆಸುವವಳು ನಾನೇ. ಕೀಲಿ ಯಾರು ತೆಗೆದರೋ ಗೊತ್ತಿಲ್ಲ ಎಂದೆ. ಯಾರೂ ನಂಬಲಿಲ್ಲ.

ಓರಿನ್ ನನ್ನ ಹೊಲಿಗೆ ಡಬ್ಬಿ, ಹಾಸಿಗೆ, ಏಪ್ರನ್ನಿನ ಜೇಬು ಎಲ್ಲ ತಡಕಿದ. “ಅವ್ನು ನಿಂಗೇನು ಹೇಳಿದ್ದ? ನಿಜ ಹೇಳು, ನಾನೇನೂ ಮಾಡಲ್ಲ,” ಎಂದು ಮತ್ತೆ ಮತ್ತೆ ಕೇಳಿದ. ಈಗ ಅಡುಗೆಮನೆಗೂ ಬೀಗ. ನಾನು ಒಂದು ಗುಟುಕು ಕುಡಿದ ಮೇಲೆಯೇ ಅವನು ಕಾಫಿ ಮುಟ್ಟುವುದು.

ನವೆಂಬರಿನಲ್ಲಿ ಶೆರಿಫ್ ಚುನಾವಣೆ. ಪಾಪ, ಹೆಂಡತಿ ಹೀಗೆ ಮಾಡಿದಳಲ್ಲ ಎಂದು ಜನ ಅವನಿಗೇ ಮತ ಹಾಕುತ್ತಾರಂತೆ. ಹಾಕಲಿ. ಸೋತರೆ ಈ ಮನೆಯನ್ನೂ ಬಿಡಬೇಕು.

ಈ ಚಳಿಗಾಲದಲ್ಲಿ ದೇವರು ನಿಮ್ಮೆಲ್ಲರನ್ನೂ ಬೆಚ್ಚಗಿಟ್ಟಿರಲಿ.

ನಿನ್ನ ತಂಗಿ,
ಆಲ್ಮಾ

ತಾ.ಕ.: ಇಷ್ಟನ್ನು ಓದಿ ಒಲೆಗೆ ಹಾಕಿಬಿಡು. ಬೀಗ ತೆಗೆದದ್ದು ಓರಿನ್. ನಾನು ಹಿಟ್ಟು ನಾದುತ್ತಿದ್ದೆ. ನನ್ನೆದುರೇ ಮೊಳೆಯಿಂದ ಕೀಲಿ ತೆಗೆದುಕೊಂಡು ಹೋದ. “ಬಾರೋ ವಾಲ್ಟ್, ಅಮ್ಮ ಊಟಕ್ಕೆ ಕಾಯ್ತಿದಾಳೆ,” ಎಂದು ಆ ವೆಲ್ಚ್‌ಗೆ ತನ್ನ ಕೋಟು ಹೊದಿಸಿ ಹಿಂಬಾಗಿಲವರೆಗೆ ಕೈಹಿಡಿದು ಬಿಟ್ಟುಬಂದ. ವಾಲ್ಟ್ ಅವನ ತಮ್ಮ. ಯುದ್ಧದಲ್ಲಿ ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಓರಿನ್ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ ನಾನು ತಡೆಯದೆ ಹಿಟ್ಟು ನಾದುತ್ತಲೇ ಇದ್ದೆ. ಅರ್ಧ ಗಂಟೆಯಲ್ಲಿ ಅವನಿಗೆ ಒಂದೂ ನೆನಪಿರಲಿಲ್ಲ. ಅನುಮಾನ ನನ್ನ ಮೇಲೆ ಇರುವಷ್ಟು ದಿನ ಯಾರೂ ಅವನ ಕಡೆ ನೋಡುವುದಿಲ್ಲ, ಅದಕ್ಕೇ ಸುಮ್ಮನಿದ್ದೇನೆ.

ಇವತ್ತು ಬೆಳಿಗ್ಗೆ ಬ್ರೆಡ್ಡಿನ ತಟ್ಟೆ ಹಿಡಿದು ಅವನ ಕಚೇರಿಗೆ ಹೋದಾಗ ಓರಿನ್ ಎದ್ದು ನಿಂತು ಟೋಪಿ ತೆಗೆದ. “ಯಾರನ್ನ ನೋಡ್ಬೇಕಿತ್ತಮ್ಮಾ?” ಎಂದ.

“ಶೆರಿಫರನ್ನ,” ಎಂದೆ.

“ಕೂತ್ಕೊಳ್ಳಿ, ಈಗ ಬರ್ತಾರೆ.”

ಕೂತೆ.