ಪೋಷಕರ ಸಹಿ

ಮಾಳಮಡ್ಡಿ, ಧಾರವಾಡ
೯ ಡಿಸೆಂಬರ್ ೧೯೩೮

ಪ್ರೀತಿಯ ಮೃಣಾಲಿನಿಗೆ ಸುಹಾಸಿನಿಯ ನಮಸ್ಕಾರ.

ದೀಪಾವಳಿಗೆ ನೀನು ಕಳಿಸಿದ ಪಾರ್ಸಲ್ ಬಂದು ತಿಂಗಳು ದಾಟಿತು. ಮುಟ್ಟಿತೆಂದು ಎರಡು ಸಾಲು ಕೂಡ ಬರೆಯಲಿಲ್ಲ, ಸಿಟ್ಟಾಗಬೇಡ. ನಮ್ಮ ಸಣ್ಣವ ದತ್ತುವಿಗೆ ಹಲ್ಲು ಬರುತ್ತಿವೆ. ಅವನೂ ಮಲಗುವುದಿಲ್ಲ, ನನ್ನನ್ನೂ ಮಲಗಗೊಡುವುದಿಲ್ಲ. ಮೊನ್ನೆ ನಿದ್ದೆಗಣ್ಣಿನಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ. ಅತ್ತೆ ಅಂಬಾಬಾಯಿಯವರು ಬಿಡುತ್ತಾರೆಯೇ? "ಕಾಲೇಜು ಕಲತಾಕಿ ಮಾಡಿದ ಸಾರಲ್ಲೇನ, ಉಪ್ಪಿಗೂ ಡಬಲ್ ಡಿಗ್ರಿ!" ಎಂದರು. ಇವರು ನಕ್ಕರು. ನನಗೆ ನಗು ಬರಲಿಲ್ಲ.

ನಿಮ್ಮ ವಕೀಲ ಸಾಹೇಬರ ಕೆಮ್ಮು ಈಗ ಹೇಗಿದೆ?

ನಮ್ಮ ದ್ವಾರಕಿಯನ್ನು ಕಾನ್ವೆಂಟಿಗೆ ಹಾಕುವಾಗ ನಾವು ಎಷ್ಟು ತಿರುಗಿದೆವೆಂಬುದನ್ನು ನಿನಗೆ ಪೂರ್ತಿ ಹೇಳಿಲ್ಲ. ಕಾರಕೂನನ ಸಂಬಳದಲ್ಲಿ ಆ ಫೀ ನೀಗುವಂಥದಲ್ಲ. ನಮ್ಮ ಜನದ ವಿದ್ಯಾರ್ಥಿ ಫಂಡಿಗೆ ಅರ್ಜಿ ಹಿಡಿದುಕೊಂಡು ನಾನೇ ಸೆಕ್ರೆಟರಿ ತ್ರ್ಯಂಬಕರಾಯರ ಮನೆಗೆ ಹೋಗಿದ್ದೆ. "ಹೆಣ್ಣುಹುಡುಗಿಗೆ ಫೀ ಏನ್ರಿ? ಸರಕಾರಿ ಕನ್ಯಾಸಾಲಿ ಪುಕಟ ಅದ. ಇನ್ನ ಮಡಮ್ಮನ ಸಾಲಿಗೆ ನಾ ರೊಕ್ಕಾ ಕೊಟ್ಟೆ ಅಂದ್ರ ಮಂದಿ ನನ್ನ ಜನಿವಾರ ಹಿಡದು ಜಗ್ಗತಾರ!" ಎಂದು ಚಹಾ ಕುಡಿಸಿ ಕಳಿಸಿದರು. ನೀನು ಅದನ್ನು ಯಾರಿಂದಲೋ ಕೇಳಿದೆ. ನಾನು ಬಾಯಿ ತೆರೆಯುವ ಮೊದಲೇ ಇವರಿಗೆ "ಬಿಲ್ ನನಗ ಕಳಸ್ಲಿಕ್ಕೆ ಹೇಳ್ರಿ" ಎಂದು ಮುಗಿಸಿಬಿಟ್ಟೆ. ಅಂದು ನನಗೆ ಸಮಾಧಾನವೂ ಆಯಿತು, ಮೈಯೂ ಉರಿಯಿತು. ನನ್ನ ನೋಟ್ಸು ಓದಿ ಲಾಜಿಕ್ ಪೇಪರು ಪಾಸಾದವಳು ಬಿ.ಎ. ಆದಳು, ನಾನು ಇಂಟರಿಗೇ ಮದುವೆಯಾಗಿ ಕುಳಿತೆ. ಈಗ ನನ್ನ ಮಗಳೂ ಅವಳ ಕೃಪೆಯಿಂದಲೇ ಕಲಿಯಬೇಕಲ್ಲ ಎನಿಸಿತು. ಇಷ್ಟು ವರ್ಷದ ಗೆಳತಿಗೆ ಸುಳ್ಳು ಬರೆಯಲಾರೆ.

ದಸರೆಗೆ ಹುಬ್ಬಳ್ಳಿಯ ನಿಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದ ಮೇಲಂತೂ ಹುಡುಗಿಗೆ ನಮ್ಮದು ಯಾವುದೂ ಸರಿಬರುವುದಿಲ್ಲ, ಮಾತು ಮಾತಿಗೂ ಮೌಶಿ ಎಂದು ನಿನ್ನದೇ ಹೆಸರು. "ಮೌಶಿ ಮನ್ಯಾಗ ಚಹಾ ಬಶಿಯೊಳಗ ಸುರಕೊಂಡು ಕುಡಿಯೂದಿಲ್ಲ." "ಮೌಶಿ ಹಿಂಗ ಒದರೂದಿಲ್ಲ." ಸಿಸ್ಟರುಗಳ ಪ್ರಾರ್ಥನೆ ಹಾಡುತ್ತ ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ತಡೆಯುತ್ತಾರೆ: "ಆ ಹಾಡು ಅಂಗಳದಾಗ ಮುಗಿಸಿ ಒಳಗ ಬಾ." ಅಜ್ಜಿಗೆ ಹಾಡಿನ ಹೆದರಿಕೆ. ನನ್ನ ಹೆದರಿಕೆ ಬೇರೆ.

ಎರಡನೆಯ ಇಯತ್ತೆಯ ಮಕ್ಕಳಿಗೆಲ್ಲ ತಿಂಗಳಿಗೊಂದು ಪ್ರಗತಿಪತ್ರ ಬರುತ್ತದೆ ಎಂದು ನೆರೆಮನೆಯವರು ಹೇಳಿದರು. ನಮಗೆ ಒಂದೂ ಬಂದಿರಲಿಲ್ಲ. ಬಾಣಂತನದ ಸಲುವಾಗಿ ನಾನು ಇದುವರೆಗೆ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ತಂದೆಯೆಂದು ಸೇರಿಸಿ ಬಂದವರೂ ಇವರೇ. ಸೋಮವಾರ ದತ್ತುವನ್ನು ಅತ್ತೆಯ ಕೈಗೆ ಕೊಟ್ಟು ಹೋದೆ. ಆಫೀಸಿನಲ್ಲಿ ಮಂಗಳೂರಿನ ಕಡೆಯ ಒಬ್ಬ ಸಿಸ್ಟರ್ ಇದ್ದಾರೆ. ಕೇಳಿದೆ. "ಅವಳ ತಾಯಿಗೆ ಪ್ರತಿ ತಿಂಗಳೂ ಅಂಚೆಯಲ್ಲಿ ಕಳಿಸ್ತೇವಲ್ಲ, ಹುಬ್ಬಳ್ಳಿಗೆ? ಸಹಿ ಆಗಿ ಬರ್ತದೆ. ತುಂಬಾ ಆಸ್ಥೆಯ ತಾಯಿ" ಎನ್ನುತ್ತ ಮೂರು ಪತ್ರ ತೆಗೆದು ಮುಂದಿಟ್ಟರು.

ಮೂರರಲ್ಲೂ ಕೆಳಗೆ 'ಪೋಷಕರ ಸಹಿ' ಎಂಬಲ್ಲಿ ನಿನ್ನ ಅಕ್ಷರ.

ಸಂಜೆ ಇವರನ್ನು ಕೇಳಿದೆ, ಅರ್ಜಿಯಲ್ಲಿ ಏನು ತುಂಬಿದಿರಿ ಎಂದು. "ಪೋಷಕರ ಹೆಸರು ಅಂತ ಇತ್ತು. ಫೀ ಕೊಟ್ಟು ಪೋಷಣಾ ಮಾಡಾಕಿ ಮೃಣಾಲಿನಿ, ಅಕಿ ಹೆಸರು ಬರದೆ. ಪಾಲಕರು ಅಂತ ಇದ್ದಿದ್ರ ನಮ್ಮಿಬ್ಬರದು ಬರೀತಿದ್ದೆ" ಎಂದರು. ನಾವು ತಂದೆತಾಯಿಗೆ ಪಾಲಕರು ಎನ್ನುತ್ತೇವೆ, ಆ ಸಿಸ್ಟರ್ ಪೋಷಕರು ಎನ್ನುತ್ತಾರೆ. ಅಷ್ಟಕ್ಕೇ ಅವರ ದಾಖಲೆಯಲ್ಲಿ ನನ್ನ ಮಗಳೂ ನಿನ್ನವಳಾದಳು, ನನ್ನ ಗಂಡನೂ ನಿನ್ನವನಾದ. "ಇಬ್ಬರು ಹೆಂಡ್ರ ಗಂಡ ಆದೆ, ಒಂದು ಸೀರಿ ಖರ್ಚೂ ಇಲ್ಲ" ಎಂದು ಇವರಿಗೆ ಚೇಷ್ಟೆ. ಎದ್ದು ಒಳಗೆ ಹೋದೆ.

ಇವರ ತಪ್ಪು ನನಗೆ ಅರ್ಥವಾಯಿತು. ನಿನ್ನದು ಆಗಲಿಲ್ಲ. ಸೆಪ್ಟೆಂಬರಿನ ಸಹಿ ಗಡಿಬಿಡಿಯಲ್ಲಿ ಮಾಡಿರಬಹುದು. ಅಕ್ಟೋಬರಿನಲ್ಲಿ 'ಗಣಿತಕ್ಕೆ ಲಕ್ಷ್ಯ ಕೊಡಿಸುವೆ' ಎಂದು ಬರೆದಿದ್ದೀ. ನವೆಂಬರಿನಲ್ಲಿ 'ಇಂಗ್ಲಿಷ್ ಉಚ್ಚಾರವನ್ನು ಮನೆಯಲ್ಲಿ ನಾನೇ ತಿದ್ದುತ್ತಿದ್ದೇನೆ.' ಯಾವ ಮನೆ, ಮೃಣಾಲ? ದಿನಾ ಸಂಜೆ ಹಿಟ್ಟಿನ ಕೈಯಲ್ಲೇ ಅವಳೆದುರು ಕುಳಿತು ಒಂದೊಂದು ಶಬ್ದ ಹೇಳಿಸುವವಳು ನಾನು. ನಿನಗೆ ಮಕ್ಕಳಿಲ್ಲವೆಂಬುದನ್ನು ನಾನು ಎಂದೂ ಆಡಿದವಳಲ್ಲ, ಇಂದೂ ಆಡುವುದಿಲ್ಲ. ಆದರೆ ಆ ಸಾಲು ಬರೆಯುವಾಗ ನಿನಗೆ ಎಷ್ಟು ಸುಖವಾಗಿರಬೇಕೆಂದು ನೆನೆದು ನೆನೆದು ಹೊಟ್ಟೆ ಉರಿಸಿಕೊಂಡಿದ್ದೇನೆ.

ಸಿಸ್ಟರಿಗೆ ನಾನು ಯಾರೆಂದು ಹೇಳಲಿಲ್ಲ. ಹೇಳಿದ್ದರೆ ಹೆಸರಿನ ಜೊತೆಗೆ ಬಿಲ್ಲೂ ನಮ್ಮ ಮನೆಗೆ ಬರುತ್ತಿತ್ತು, ಬರುವ ತಿಂಗಳೇ ಹುಡುಗಿಯನ್ನು ಬಿಡಿಸಬೇಕಾಗುತ್ತಿತ್ತು. "ಹೌದ್ರಿ" ಎಂದಷ್ಟೇ ಹೇಳಿ ಹೊರಬಿದ್ದೆ. ಆದ್ದರಿಂದ ನೀನೇ ಬರೆಯಬೇಕು. ಬಿಲ್ ನಿನ್ನ ವಿಳಾಸಕ್ಕೇ ಬರಲಿ, ಪ್ರಗತಿಪತ್ರ ಮಾತ್ರ ನನ್ನದಕ್ಕೆ. ಅವಳ ತಾಯಿ ಸುಹಾಸಿನಿ ಎಂದು ನಿನ್ನ ಕೈಯಿಂದಲೇ ಬರೆ. ಈ ತಿಂಗಳ ಪತ್ರ ಹೊರಡುವ ಮೊದಲು. ಈ ಕಾಗದ ಓದಿ ನಿನಗೆ ಫೀ ನಿಲ್ಲಿಸಬೇಕೆನಿಸಿದರೆ ನಿಲ್ಲಿಸು. ತ್ರ್ಯಂಬಕರಾಯರ ಮನೆಯ ಚಹಾ ಇನ್ನೊಮ್ಮೆ ಕುಡಿದು ಬರುತ್ತೇನೆ.

ಅತ್ತೆ ನಿನಗೆ ಆಶೀರ್ವಾದ ತಿಳಿಸಿದ್ದಾರೆ, ಸಂಕ್ರಾಂತಿಗೆ ಇಬ್ಬರೂ ಬರಬೇಕಂತೆ. ನಾನೂ ಹಾಗೆಯೇ ಕರೆಯುತ್ತೇನೆ. ದೇವರು ನಿನ್ನನ್ನು ಸುಖವಾಗಿಟ್ಟಿರಲಿ.

ನಿನ್ನವಳೇ ಆದ,
ಸುಹಾಸಿನಿ

ತಾ. ಕ.: ಫೀ ಸಲುವಾಗಿ ಸುಮ್ಮನಾದೆ ಎಂದು ಮೇಲೆ ಬರೆದದ್ದು ಸುಳ್ಳು. ನಾನು ಆಫೀಸಿಗೆ ಹೋದಾಗ ದ್ವಾರಕಿ ಸೀಮೆಸುಣ್ಣ ಒಯ್ಯಲು ಅಲ್ಲಿಗೇ ಬಂದಿದ್ದಳು. ಸಿಸ್ಟರ್ ಅವಳನ್ನೇ ಕೇಳಿದರು, "ಇವರು ಯಾರು ಮಗೂ?" ನನ್ನ ಸೆರಗಿನ ಮೇಲೆ ದತ್ತು ಕಕ್ಕಿದ ಹಾಲಿನ ಕಲೆ ಇತ್ತು. ಅದನ್ನು ನೋಡಿದಳು, ಬಾಗಿಲಲ್ಲಿ ನಿಂತಿದ್ದ ಗೆಳತಿಯರನ್ನು ನೋಡಿದಳು. "ನಮ್ಮನ್ಯಾಗ ಇರತಾರ್ರಿ" ಎಂದಳು. ನಾನು "ಹೌದ್ರಿ" ಎಂದದ್ದು ಅದಕ್ಕೇ. ಅವಳೆದುರು ಈ ಮಾತು ಎಂದಿಗೂ ಎತ್ತಬೇಡ. ಅವಳಿಗಿನ್ನೂ ಎಂಟೇ ವರ್ಷ.