ತಗಡಿನ ಮುಯ್ಯಿ

ರಾಯಚೂರು
೧೨ ಫೆಬ್ರವರಿ ೨೦೨೫

ಪ್ರೀತಿಯ ವಿನೋದಣ್ಣಾ,

ನಿನ್ನ ಬೆನ್ನುನೋವು ಹೇಗಿದೆ? ಕಲ್ಲು ಎತ್ತುವಾಗ ನಡುವಿಗೆ ಬಟ್ಟೆ ಬಿಗಿದುಕೊಳ್ಳಬೇಕೆಂದು ಅವ್ವ ಹೇಳಿದ್ದಾಳೆ. ಪುಣೆಯ ಚಳಿಗೆ ನಿನ್ನ ಕೆಮ್ಮು ಮತ್ತೆ ಏಳದಿದ್ದರೆ ಸಾಕು. ಅತ್ತಿಗೆ ಮಾನ್ವಿಯ ತವರಿನಲ್ಲಿ ಚೆನ್ನಾಗಿದ್ದಾಳೆ. ನಿನ್ನ ಮಗಳಿಗೆ ಹಲ್ಲು ಬಂದಿವೆ, ಸಿಕ್ಕವರ ಬೆರಳು ಕಚ್ಚುತ್ತಾಳಂತೆ. ನಿನ್ನ ಮಗಳೇ ಬಿಡು, ಅನುಮಾನವಿಲ್ಲ. ಫೋನಿನಲ್ಲಿ ಹೇಳಲು ಹೋದರೆ ನನ್ನ ಬಾಯಿಂದ ಬರೀ ಬೈಗುಳ ಬರುತ್ತದೆ, ಅದಕ್ಕೇ ಬರೆಯಲು ಕುಳಿತೆ.

ಹತ್ತಿ ಬಿಡಿಸಲು ಹೋಗುವ ಹೆಂಗಸರ ಕೂಸುಗಳಿಗೆಂದು ನಮ್ಮೂರು ಗಬ್ಬೂರಿನಲ್ಲಿ ನೀನು ಗೋಡೆ ಕಟ್ಟಿ ಹೋದೆಯಲ್ಲ, ಆ ಕೋಣೆಯ ವಿಷಯ. ಯಂಕಮ್ಮತ್ತೆ ತನ್ನ ಹಿತ್ತಲಿನ ಜಾಗ ಬಿಟ್ಟುಕೊಟ್ಟಳು, ತಾಯಣ್ಣ ಕಾಕಾ ಕಲ್ಲು ಒಡೆದ, ಓಣಿಯವರೆಲ್ಲ ಮುಯ್ಯಿಗೆ ಬಂದರು. ಇವತ್ತು ನಿಮ್ಮ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀವು. ನಮ್ಮಲ್ಲಿ ಅದಕ್ಕಿಂತ ದೊಡ್ಡ ಲೆಕ್ಕ ಯಾವಾಗ ಇತ್ತು? ನಾನು ಇಂಗ್ಲಿಷ್ ಬರೆದುಕೊಡುವ ಈ ಸಂಸ್ಥೆ ಕೊಟ್ಟಿದ್ದು ಮೇಲಿನ ತಗಡು ಮಾತ್ರ.

ಕೋಣೆಗೆ ಯಾರು ಏನು ಕೊಟ್ಟರು ಎಂಬ ವರದಿಗೆ ಸರಿಯಾದ ಪದ ಹುಡುಕು ಎಂದು ನಮ್ಮ ನಿರ್ದೇಶಕರು ನನಗೇ ಹೇಳಿದರು. ನಾನೂ ಪೆದ್ದಿಯ ಹಾಗೆ ಕಷ್ಟಪಟ್ಟು ಹುಡುಕಿದೆ. ಡೊನೇಷನ್ ಅಂದರೆ ಕೊಟ್ಟು ಕೈತೊಳೆದುಕೊಳ್ಳುವುದು. ಗ್ರ್ಯಾಂಟ್ ಮೇಲಿನಿಂದ ಷರತ್ತಿನ ಜೊತೆ ಇಳಿದು ಬರುತ್ತದೆ. ಏಡ್ ಅಂದರೆ ಹೊಳೆ ಬಂದು ಮನೆ ಕೊಚ್ಚಿಕೊಂಡು ಹೋದವರಿಗೆ ಹಂಚುವಂಥದ್ದು. ಹಾಗಾಗಿ ತಗಡಿಗೆ ಸಪೋರ್ಟ್ ಎಂದೂ, ಊರಿನವರದಕ್ಕೆ ಕಾಂಟ್ರಿಬ್ಯೂಷನ್ ಎಂದೂ ಬರೆದೆ. ಅವರು ಓದಿ ನಕ್ಕರು. "ಇವರ ಹತ್ರ ಕೊಡಾಕ ಅದ ಅಂತ ಬರದ್ರ ನಮಗ ಯಾರು ಕೊಡ್ತಾರಮ್ಮಾ?" ಎಂದು ಎರಡನ್ನೂ ಹೊಡೆದುಹಾಕಿ, ಇಡೀ ಕೋಣೆಗೆ ಏಡ್ ಎಂದು ಬರೆದರು. ಬಾಗಿಲ ಮೇಲೆ ಅದೇ ಬೋರ್ಡು ಬಂತು. ಏಡ್ ಅಂದಮೇಲೆ ಕೋಣೆ ಸಂಸ್ಥೆಯದಂತೆ, ಸಂಸ್ಥೆಗೆ ದುಡ್ಡು ಕೊಡುವ ಹೊರದೇಶದವರು ಬಂದು ನೋಡುವ ತನಕ ಹೊಲಸಾಗಬಾರದಂತೆ. ಬೀಗ ಜಡಿದು ಕೀಲಿಕೈ ತಮ್ಮ ಕಾರಿನಲ್ಲಿ ಇಟ್ಟುಕೊಂಡರು. ಕೂಸುಗಳು ಮತ್ತೆ ಹೊಲದ ಬದುವಿನ ಬಿಸಿಲಿಗೆ ಬಿದ್ದವು.

ಹೊರದೇಶದವರು ಬಂದ ದಿನ ನಿರ್ದೇಶಕರು ಅವ್ವನನ್ನು ಮುಂದೆ ನಿಲ್ಲಿಸಿ ಕೈಮುಗಿ ಎಂದರು. ಅವ್ವ ಮುಗಿಯಲಿಲ್ಲ. ತಗಡನ್ನೂ ಅವಳು ಮುಯ್ಯಿ ಎಂದೇ ತಿಳಿದಿದ್ದಳು. "ಸಾಹೇಬ್ರ, ನಿಮ್ಮ ಮನಿ ಕೆಲಸ ಯಾವಾಗ ಅದ ಹೇಳ್ರಿ, ನಾವೆಲ್ಲಾ ಬಂದು ಮುಯ್ಯಿ ಮುಟ್ಟಿಸ್ತೀವಿ" ಎಂದು ಎಲ್ಲರೆದುರು ನಿರ್ದೇಶಕರನ್ನೇ ಕೇಳಿದಳು. ಆಕೆ ಏನೆಂದಳು ಎಂದು ಬಂದವರು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ನಿರ್ದೇಶಕರು, ಥ್ಯಾಂಕ್ಸ್ ಹೇಳುತ್ತಿದ್ದಾಳೆ ಎಂದುಬಿಟ್ಟರು. ಬಂದವರು ಚಪ್ಪಾಳೆ ತಟ್ಟಿದರು. ಅವರು ಹೋದಮೇಲೂ ಬೀಗ ತೆಗೆಯಲಿಲ್ಲ, ಇನ್ನೊಂದು ತಂಡ ಬರುತ್ತದಂತೆ.

ಆದರೆ ಅವ್ವನ ಮಾತನ್ನು ಆ ಮನುಷ್ಯ ಮರೆತಿರಲಿಲ್ಲ. ರಾಯಚೂರಿನಲ್ಲಿ ಅವರ ಹೊಸ ಮನೆಗೆ ಕಾಂಪೌಂಡು ಏಳುತ್ತಿದೆ, ಹೇಳಿ ಕಳಿಸಿದರು. ಅವ್ವ, ಯಂಕಮ್ಮತ್ತೆ, ಓಣಿಯ ಹೆಂಗಸರೆಲ್ಲ ಕೂಲಿ ಬಿಟ್ಟು, ತಾವೇ ಚಾರ್ಜು ಕೊಟ್ಟು ಬಸ್ಸಿಗೆ ಬಂದು ದಿನವಿಡೀ ಇಟ್ಟಿಗೆ ಹೊತ್ತರು. ಮುಯ್ಯಿಗೆ ಬಂದವರಿಗೆ ಮನೆಯವರು ಉಣ್ಣಲಿಕ್ಕೆ ಇಡಬೇಕು, ಅದು ನಮ್ಮ ರೀತಿ. ಅಲ್ಲಿ ಗೇಟಿನ ಹೊರಗೆ ಕಾಗದದ ಕಪ್ಪಿನಲ್ಲಿ ಚಹಾ ಬಂತು. ಅವ್ವ ಅದನ್ನೂ ಕುಡಿದಳು. ಮರುದಿನ ವರದಿಗೆಂದು ಅವರು ಇಟ್ಟಿಗೆ ಹೊರುವ ಫೋಟೋ ನನ್ನ ಮೇಜಿಗೆ ಬಂತು, ಏಡ್ ಪಡೆದ ಮಹಿಳೆಯರಿಗೆ ಕಟ್ಟಡ ಕೆಲಸದ ತರಬೇತಿ ಎಂದು ಬರೆಯಬೇಕಂತೆ. ನೀನು ಗಾರೆ ಕಲಿತದ್ದು ಅವ್ವನ ಕೈಕೆಳಗೆ ಅಲ್ಲವೇನೋ!

ಇರಲಿ. ನೀನು ಅಲ್ಲಿಂದ ಸಿಟ್ಟು ಮಾಡಿಕೊಂಡು ಓಡಿ ಬರಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಮ್ಮಿಗೆ ಶುಂಠಿ ಕುದಿಸಿ ಕುಡಿ. ಓಣಿಯ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಅವ್ವನ ಆಶೀರ್ವಾದಗಳು.

ನಿನ್ನ ತಂಗಿ,
ಶಶಿಕಲಾ

ತಾ.ಕ.: ಅಣ್ಣಾ, ಮೇಲಿನದನ್ನು ಬರೆದು ಎರಡು ದಿನವಾಯಿತು, ಇದನ್ನು ಅವಸರದಲ್ಲಿ ಬರೆಯುತ್ತಿದ್ದೇನೆ. "ಮುಯ್ಯಿ ಮುಟ್ಟಿತು, ಇನ್ನ ತಗಡೂ ನಮ್ದ" ಎಂದು ಅವ್ವ ನಿನ್ನೆ ನಿನ್ನ ಸುತ್ತಿಗೆಯಿಂದಲೇ ಬೀಗ ಒಡೆದಿದ್ದಾಳೆ. ಕೂಸುಗಳು ಒಳಗೆ ಮಲಗಿವೆ. ಬೋರ್ಡು ನೀರಿನ ಹಂಡೆಗೆ ಮುಚ್ಚಳವಾಗಿದೆ. ಏಡ್ ಪಡೆದವರೇ ಆಸ್ತಿ ಹಾಳು ಮಾಡಿದರು ಎಂದು ಹೊರದೇಶದವರಿಗೆ ಬರೆ ಎಂದು ನಿರ್ದೇಶಕರು ಇವತ್ತು ಹೇಳಿದರು. ನಾನು ಅವ್ವ ಅವತ್ತು ಹೇಳಿದ ಮಾತನ್ನು ಇಂಗ್ಲಿಷಿಗೆ ಮಾಡಿ, ಕಾಂಪೌಂಡಿನ ಫೋಟೋ ಹಚ್ಚಿ, ನನ್ನ ಹೆಸರಿನಲ್ಲೇ ಕಳಿಸಿಬಿಟ್ಟೆ. ನಾಳೆಯಿಂದ ನನಗೆ ಈ ಕೆಲಸ ಇರುವುದಿಲ್ಲ. ಮುಯ್ಯಿಗೆ ಮಾತ್ರ ಅವರ ಪದ ಯಾವುದನ್ನೂ ಹಾಕಲಿಲ್ಲ, ಮುಯ್ಯಿ ಎಂದೇ ಬಿಟ್ಟಿದ್ದೇನೆ. ಬೇಕಾದರೆ ಅವರೇ ಕೇಳಿ ತಿಳಿದುಕೊಳ್ಳಲಿ.