ಎದುರು ಹಲಗೆ

ಬುಧವಾರ, ಹನ್ನೊಂದನೇ ತಾರೀಖು
ಅಂಗಡಿಯ ಹಿಂದಿನ ಕೋಣೆಯಿಂದ

ನನ್ನ ಗುಬ್ಬಿಗೆ,

ಅಮ್ಮನ ಆಶೀರ್ವಾದ. ಅಳಿಯಂದಿರಿಗೂ ತಿಳಿಸು. ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲ ಅಂತ ಮುಖ ಊದಿಸಿಕೊಂಡು ಕೂತಿರುತ್ತೀಯ. ಊದಿಸಿಕೋ. ನನ್ನ ಅಂಗೈ ನೋಡಿದ್ದರೆ ನೀನೇ ಅಯ್ಯೋ ಅನ್ನುತ್ತಿದ್ದೆ. ತುಂಬ ಬೊಬ್ಬೆ. ಕನ್ನಡಕದ ತಿರುಪು ಬಿಗಿ ಮಾಡಲು ಹೋಗಿ ಗಿರಾಕಿಯ ಕಾಲಬುಡದಲ್ಲೇ ಅದನ್ನು ಬೀಳಿಸಿ, ಯಜಮಾನರಿಂದ ಬೈಸಿಕೊಂಡೆ. ಇನ್ನು ಪೆನ್ನು ಹಿಡಿಯುವುದೆಲ್ಲಿ ಬಂತು? ಈ ವಯಸ್ಸಿನಲ್ಲಿ ಬೊಬ್ಬೆ ಎಲ್ಲಿಂದ ಅಂತ ಕೇಳುತ್ತೀಯ. ದೋಣಿಯಿಂದ.

ಹೌದು, ದೋಣಿ. ನೀರಿನ ಮೇಲೆ ಹೋಗುತ್ತದಲ್ಲ, ಅದೇ.

ನಿಮ್ಮಪ್ಪನ ಸುದ್ದಿ ಕಾಗದದಲ್ಲಿ ಬರಕೂಡದು ಅಂತ ನೀನು ಕಟ್ಟಪ್ಪಣೆ ಮಾಡಿ ವರ್ಷದ ಮೇಲಾಯಿತು. ಆಸ್ಪತ್ರೆಯಿಂದ ಆ ಫೋನು ಮಾಡಿದ ದಿನದಿಂದ ನೀನು ಅವರ ಜೊತೆ ಮಾತು ಬಿಟ್ಟೆ. ತಪ್ಪು ಅಂತ ನಾನು ಒಂದು ದಿನವೂ ಅನ್ನಲಿಲ್ಲ. ನಾನೂ ಅವತ್ತಿನಿಂದ ನಿನ್ನ ರೂಮಿನಲ್ಲೇ ಮಲಗತೊಡಗಿದೆ. ನೀನು ಹೇಳಿದ ಹಾಗೆ ಇಷ್ಟು ದಿನ ತರಕಾರಿ, ಹವಾಮಾನ, ಕೆಳಗಿನ ಮನೆ ಟೀಚರಮ್ಮನ ಮಂಡಿನೋವು ಇಂಥದ್ದನ್ನೇ ಬರೆದೆ. ಈ ಸಲ ಆಗುವುದಿಲ್ಲ. ಈ ಕಥೆಯಲ್ಲಿ ನಿಮ್ಮಪ್ಪನನ್ನು ಬಿಟ್ಟರೆ ಉಳಿಯುವುದು ಬರೀ ನೀರು. ಹರಿದು ಹಾಕಬೇಡ. ಕೊನೆಯವರೆಗೂ ಓದು.

ಪ್ರೆಸ್ಸಿನಲ್ಲಿ ಮಶೀನಿನ ಮುಂದೆ ನಿಂತು ಆಯುಷ್ಯ ಸವೆಸಿದವರು, ರಿಟೈರಾದ ಮೇಲೆ ಮನೆಯಲ್ಲಿ ಹೇಗಿದ್ದರು ಅಂತ ನೀನು ನೋಡಿಲ್ಲ. ಕಿಟಕಿ ಪಕ್ಕದ ಕುರ್ಚಿ, ಕೈಯಲ್ಲಿ ಪೇಪರು, ಬಾಯಲ್ಲಿ 'ಹೂಂ'. ಒಲೆ ಮುಂದೆ ನಿಂತು ನಾನು "ರೀ, ಗ್ಯಾಸ್ ಮುಗೀತು" ಅಂದರೆ 'ಹೂಂ'. "ನಲ್ಲಿ ಸೋರ್ತಾ ಇದೆ" ಅಂದರೆ 'ಹೂಂ'. "ನಿಮ್ಮ ಜೊತೆ ಬಾಳಿ ಬಾಳಿ ಸಾಕಾಯ್ತು ನನಗೆ" ಅಂದರೆ 'ಹೂಂ, ಆಗ್ಲಿ'. ಗೋಡೆಯ ಹತ್ತಿರ ಇಷ್ಟು ಮಾತಾಡಿದ್ದರೆ ಸುಣ್ಣವಾದರೂ ಉದುರುತ್ತಿತ್ತು. ಟೀ ಅಂಗಡಿಯ ಗೆಳೆಯರ ಗುಂಪನ್ನೂ ಬಿಟ್ಟರು. ಮೊದಲು ಕೊಬ್ಬು ಅಂದುಕೊಂಡೆ. ಆಮೇಲೆ, ನಿನಗೆ ಮಾಡಿದ್ದಕ್ಕೆ ಮುಖ ಎತ್ತಲಾರದೆ ಹೀಗಿದ್ದಾರೆ ಅಂದುಕೊಂಡೆ. ಯಾವುದಾದರೂ ಇರಲಿ, ಅನುಭವಿಸಲಿ ಅಂತ ಬಿಟ್ಟೆ.

ಆಗ ಬಂದರು ನಿನ್ನ ಬೈಂಡರ್ ಮಾವ. ಪ್ರೆಸ್ಸಿನಲ್ಲಿ ಇವರ ಜೊತೆಗಿದ್ದು, ನಿನ್ನ ಶಾಲೆ ಪುಸ್ತಕಕ್ಕೆಲ್ಲ ರಟ್ಟು ಕಟ್ಟಿಕೊಡುತ್ತಿದ್ದರಲ್ಲ, ಅವರೇ. ಅವರಿಗೆ ಭುಜ ಹಿಡಿದುಕೊಂಡಿತ್ತು. ಕೈ ಆಡಿಸುತ್ತಿರಿ ಅಂದರಂತೆ ಡಾಕ್ಟರು. ಈ ಮಹಾಶಯರು ಕೈ ಆಡಿಸಲು ಸೀದಾ ದೊಡ್ಡ ಕೆರೆಗೆ ಹೋಗಿದ್ದಾರೆ. ಅಲ್ಲೊಂದು ದೋಣಿ ಕ್ಲಬ್ಬು. ಹೊಸಬರಿಗೆ ಭಾನುವಾರ ಬೆಳಿಗ್ಗೆ ಒಂದು ಸುತ್ತು ಪುಕ್ಕಟೆ. ಜನ ಈ ಹುಚ್ಚಿಗೆ ಬೀಳುವುದೇ ಹೀಗೆ ಅಂತ ನನಗೆ ಆಮೇಲೆ ಗೊತ್ತಾಯಿತು. ಮೊದಲು ಒಂದು ಪುಕ್ಕಟೆ ಸುತ್ತು, ಆಮೇಲೆ ಒಂದು ಟೋಪಿ, ಆಮೇಲೆ ಯಾರೋ ಬೇಡವೆಂದ ಹಳೆಯ ದೋಣಿ, ಆಮೇಲೆ ಹೆಂಡತಿಯ ಜೊತೆ ಜಗಳ.

ಬೈಂಡರ್ ಮಾವ ನಿಮ್ಮಪ್ಪನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದರು. ಮಧ್ಯಾಹ್ನ ಮುಖ ಕೆಂಪಗೆ, ಪ್ಯಾಂಟು ಮೊಣಕಾಲಿನವರೆಗೆ ಒದ್ದೆ, ಹೀಗೆ ಬಂದರು ನಿಮ್ಮಪ್ಪ. ಬಂದವರೇ ನನ್ನ ಎದುರಿಗೆ ಕುರ್ಚಿ ಎಳೆದು ಕೂತು, "ಲೇ, ನೀನೂ ಬರ್ಬೇಕು ಕಣೇ" ಅಂದರು. ಅವರಾಗಿ ಬಾಯಿ ಬಿಟ್ಟು ಎಷ್ಟು ಕಾಲವಾಗಿತ್ತೋ!

"ನನಗೆ ಈಜು ಬರಲ್ಲ" ಅಂದೆ.

"ನನಗೂ ಬರಲ್ಲ" ಅಂದರು, ಅದೇನೋ ದೊಡ್ಡ ಅರ್ಹತೆ ಎನ್ನುವ ಹಾಗೆ.

ತಿಂಗಳೊಳಗೆ ಗಂಡಸರಿಬ್ಬರೂ ಸೇರಿ ಒಂದು ಹಳೆಯ ಮರದ ದೋಣಿ ಕೊಂಡರು. ಕೆಳಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಅದನ್ನು ಬೋರಲು ಹಾಕಿ, ಸ್ಯಾಂಡ್ ಪೇಪರ್ ಉಜ್ಜಲು ನನ್ನನ್ನೂ ಕೂರಿಸಿದರು. ಬೊಬ್ಬೆ ಬಂದದ್ದು ಅದರಿಂದ. ಮನೆಯೆಲ್ಲ ವಾರ್ನಿಷ್ ನಾತ. ಹುಟ್ಟುಗಳು ನಿಮ್ಮಪ್ಪನ ಮಂಚದ ಕೆಳಗೆ ಸೇರಿದವು, ಅದೂ ಅರ್ಧ. ಉಳಿದರ್ಧ ಬಾಗಿಲಿಂದ ಹೊರಗೆ. ನಾನು ಬೆಳಿಗ್ಗೆ ಎಡವದ ದಿನವಿಲ್ಲ. ಬೈಂಡರ್ ಮಾವನ ಹೆಂಡತಿ ಜಾಣೆ, ತಲೆ ಸುತ್ತುತ್ತದೆ ಅಂತ ಮೊದಲೇ ಕೈ ತೊಳೆದುಕೊಂಡಳು. ನನಗೆ ಆ ಬುದ್ಧಿ ಹೊಳೆಯಲಿಲ್ಲ.

ಇನ್ನು ಅಭ್ಯಾಸದ ಕಥೆ ಕೇಳು. ನೀರಿಗೆ ಇಳಿಯುವ ಮೊದಲು ಮನೆಯಲ್ಲೇ ಕಲಿಯಬೇಕಂತೆ. ಹಾಲ್‌ನಲ್ಲಿ ಎರಡು ಸ್ಟೂಲು ಎದುರುಬದುರು ಹಾಕಿ, ಒಂದರ ಮೇಲೆ ನನ್ನನ್ನು ಕೂರಿಸಿ, ಇನ್ನೊಂದರ ಮೇಲೆ ತಾವು ಕೂತು, ಎರಡು ಪೊರಕೆ ಹಿಡಿದು ಗಾಳಿಯಲ್ಲಿ ಹುಟ್ಟು ಹಾಕುವುದು! ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರಬೇಕು, ಗೊತ್ತಾ? ಯಾವ ಬುದ್ಧಿವಂತ ಕಂಡುಹಿಡಿದನೋ. ಮುಂದೆ ಏನಿದೆ ಅಂತ ಎದುರು ಹಲಗೆಯ ಮೇಲೆ ಕೂತವಳು ನೋಡಿ ಹೇಳಬೇಕು. ನಾನು 'ಎಡ' ಅಂದರೆ ಅದು ಅವರ ಬಲ. ಇದಕ್ಕೇ ಒಂದು ಸಂಜೆಯೆಲ್ಲ ಜಗಳ. ಕೊನೆಗೆ ನಾನೇ ರೇಗಿ, "ಎಡ ಬಲ ಎಲ್ಲ ಬೇಡ, ಈ ಕಡೆ ಅಡುಗೆಮನೆ, ಆ ಕಡೆ ಕಿಟಕಿ, ಅಷ್ಟೇ" ಅಂದೆ. ಅದೇ ಖಾಯಂ ಆಯಿತು. ನಾನು "ಅಡುಗೆಮನೆ, ಅಡುಗೆಮನೆ!" ಅಂತ ಕೂಗುತ್ತಿದ್ದಾಗ, ತೆರೆದ ಬಾಗಿಲಲ್ಲಿ ಟೀಚರಮ್ಮ ನಿಂತಿದ್ದರು. ಪೊರಕೆ ಹಿಡಿದ ನಿಮ್ಮಪ್ಪನನ್ನು ನೋಡಿದರು, ನನ್ನನ್ನು ನೋಡಿದರು. "ಆಮೇಲೆ ಬರ್ತೀನಿ" ಅಂದು ಮೆಟ್ಟಿಲಿಳಿದು ಹೋದವರು ಇನ್ನೂ ಬಂದಿಲ್ಲ.

ಮೊದಲ ದಿನ ಕಟ್ಟೆಯ ಮೇಲೆ ನನ್ನ ಮರ್ಯಾದೆ ಹೋದದ್ದನ್ನು ಎಷ್ಟು ಅಂತ ಹೇಳಲಿ. ಕ್ಲಬ್ಬಿನಲ್ಲಿ ಕಲಿಸುವ ಹುಡುಗಿ ಲೈಫ್ ಜಾಕೆಟ್ಟನ್ನು ನನ್ನ ಗದ್ದದವರೆಗೆ ಬಿಗಿದು, "ಆಂಟಿ, ದೋಣಿಯ ಮಧ್ಯಕ್ಕೆ ಕಾಲಿಡಿ, ಅಂಚಿಗಲ್ಲ" ಅಂದಳು. ಅಂಚಿಗೇ ಇಟ್ಟೆ. ದೋಣಿ ಮೆಲ್ಲಗೆ ಹೊರಟಿತು. ಒಂದು ಕಾಲು ದೋಣಿಯಲ್ಲಿ, ಒಂದು ಕಾಲು ಕಟ್ಟೆಯಲ್ಲಿ, ನಡುವೆ ನಾನು ಅಗಲವಾಗುತ್ತಾ ಹೋದೆ. ಆ ಹುಡುಗಿ ಸೊಂಟ ಹಿಡಿದು ಒಳಗೆ ತಳ್ಳಿರದಿದ್ದರೆ ಈ ಕಾಗದವೂ ಇಲ್ಲ, ನಾನೂ ಇಲ್ಲ. ನಿಮ್ಮಪ್ಪ ನಗುತ್ತಿದ್ದರು, ಬಿದ್ದು ಬಿದ್ದು.

ನನಗೆ ಮೈ ಉರಿದದ್ದು ಅದಕ್ಕಲ್ಲ. ನೀರಿನ ನಡುವೆ ಹೋಗುತ್ತಿದ್ದಂತೆ ಮನುಷ್ಯ ಬೇರೆಯೇ ಆಗಿಬಿಟ್ಟರು. ಅಂಗಡಿಯಲ್ಲಿ ಏನು ಸಮಾಚಾರ ಅಂತ ಕೇಳಿದರು. ಹೊಸ ಕನ್ನಡಕ ಹಾಕಿಕೊಂಡ ಮೇಲೆ ತನ್ನ ಮನೆ ಇಷ್ಟು ಕೊಳಕು ಅಂತ ಗೊತ್ತಾಯಿತು, ಹಳೆಯದೇ ವಾಪಸ್ಸು ಕೊಡಿ ಅಂತ ಬಂದ ಗಿರಾಕಿಯ ಕಥೆ ಹೇಳಿದೆ. ಸರಿಯಾದ ಜಾಗದಲ್ಲಿ ನಕ್ಕರು. ಮತ್ತೆ ಕೇಳಿದರು, ಮತ್ತೆ ಹೇಳಿದೆ. ದಡಕ್ಕೆ ಬರುವಷ್ಟರಲ್ಲಿ ನಾವು ವರ್ಷದ ಮಾತನ್ನೆಲ್ಲ ಆಡಿದ್ದೆವು. ಮನೆಗೆ ಬಂದು ಪಾತ್ರೆ ತೊಳೆಯುತ್ತಾ ಆ ಮಾತನ್ನೇ ಮುಂದುವರಿಸಿದೆ ನೋಡು, "ಹೂಂ"! ಕೈಯಲ್ಲಿದ್ದ ತಟ್ಟೆಯನ್ನು ಎಸೆಯಬೇಕು ಅನ್ನಿಸಿತು. ಕೆರೆಯಲ್ಲಿ ಹೆಂಡತಿ, ಮನೆಯಲ್ಲಿ ಕಂಬ, ಇದ್ಯಾವ ನ್ಯಾಯ?

ಆದರೂ ಭಾನುವಾರ ಬಂತೆಂದರೆ ಹೋಗುತ್ತಿದ್ದೆ. ಯಾಕೆ ಅಂತ ಕೇಳಬೇಡ. ಬೈಂಡರ್ ಮಾವನಿಗೆ ಆ ಹಲಗೆ ಬಿಟ್ಟುಕೊಡುತ್ತೇನೆ ಅಂದರೆ ನಿಮ್ಮಪ್ಪ ಒಪ್ಪುತ್ತಿರಲಿಲ್ಲ. ಹಕ್ಕಿ ನೋಡಬೇಕು ಅಂತ ನಾನು ಆ ಕಡೆ ತಿರುಗಿ ಕೂತರೆ ಹುಟ್ಟು ಹಾಕುವುದನ್ನೇ ನಿಲ್ಲಿಸುತ್ತಿದ್ದರು. "ಈ ಕಡೆ ತಿರುಗೇ." ಅಷ್ಟು ಹಟ.

ಹೋದ ಭಾನುವಾರ ಚಳಿಗಾಳಿ. ನೀನು ಬಿಟ್ಟುಹೋದ ನೀಲಿ ಮಫ್ಲರನ್ನು ಮೂಗಿನವರೆಗೆ ಸುತ್ತಿಕೊಂಡು ಕೂತೆ.

"ತೆಗಿ ಅದನ್ನ" ಅಂದರು.

"ಶೀತ ಆದ್ರೆ ಮೂಗು ಸೋರೋದು ನನಗೆ, ನಿಮಗಲ್ಲ" ಅಂದೆ.

ಆ ಮೇಲೆ ಒಂದು ಮಾತಿಲ್ಲ. ಕೆರೆಯ ಆ ಬದಿಯಲ್ಲಿ ಬಂಡೆ ಇರುವ ಕಡೆ ಗುರುತಿಗೆ ಕೆಂಪು ಡ್ರಮ್ಮು ತೇಲಿಬಿಟ್ಟಿದ್ದಾರೆ. ದೋಣಿ ನೆಟ್ಟಗೆ ಅದರ ಕಡೆಗೇ ಹೊರಟಿತು. "ಕಿಟಕಿ ಕಡೆ" ಅಂದೆ. ಕೇಳಲಿಲ್ಲ. "ಕಿಟಕಿ ರೀ! ಕಿಟಕಿ! ನಿಲ್ಸಿ!" ಗಂಟಲು ಹರಿಯುವ ಹಾಗೆ ಕೂಗಿದೆ. ಪಕ್ಕದ ದೋಣಿಯವರು ತಿರುಗಿ ನೋಡಿದರು. ನಿಮ್ಮಪ್ಪ ನನ್ನ ಮುಖವನ್ನೇ ನೋಡುತ್ತಾ, ನಗುತ್ತಾ, "ಹೂಂ ಹೂಂ" ಅಂತ ತಲೆಯಾಡಿಸಿ ಇನ್ನೂ ಜೋರಾಗಿ ಎಳೆದರು.

ಧಡ್! ನಾನು ಹೋಗಿ ಅವರ ಮಡಿಲಲ್ಲಿ ಬಿದ್ದೆ. ಒಂದು ಹುಟ್ಟು ತೇಲಿಹೋಯಿತು. ಬುಡದಿಂದ ನೀರು ಚಿಮ್ಮಿ ಸೊಂಟದವರೆಗೂ ಒದ್ದೆ. ಆ ಹುಡುಗಿ ಮೋಟಾರು ದೋಣಿಯಲ್ಲಿ ಬಂದು ಹಗ್ಗ ಕಟ್ಟಿ, ಕ್ಲಬ್ಬಿನವರೆಲ್ಲ ನೋಡುತ್ತಿರುವಾಗ ನಮ್ಮನ್ನು ಎಳೆದುಕೊಂಡು ಹೋದಳು. ದಾರಿಯುದ್ದಕ್ಕೂ ಬೈದೆ. ಮದುವೆಯಾದ ದಿನದಿಂದ ಬಾಕಿ ಉಳಿದದ್ದನ್ನೆಲ್ಲ ಸೇರಿಸಿ ಬೈದೆ. ಅವರು ಹೇಳಿದ್ದು ಒಂದೇ: "ಮಫ್ಲರ್ ತೆಗಿ ಅಂದಿದ್ನಲ್ಲ." ನೋಡು, ತಪ್ಪು ಮಫ್ಲರಿನದಂತೆ!

ಇಷ್ಟು ಸುದ್ದಿ. ಗಿರಾಕಿ ಬಂದರು, ಮುಗಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಎದ್ದ ತಕ್ಷಣ ಕೆಲಸಕ್ಕೆ ಓಡಬೇಡ. ನಿನ್ನ ಮನಸ್ಸು ತಣ್ಣಗಿರಲಿ, ನಿನ್ನ ಮನೆ ನಗುನಗುತ್ತಿರಲಿ. ನನ್ನ ಆಯುಷ್ಯದಲ್ಲಿ ಉಳಿದದ್ದು ನಿನಗೇ.

ಇನ್ನೂ ಪೂರ್ತಿ ಒಣಗದ
ನಿನ್ನ ಅಮ್ಮ

ತಾ.ಕ.: ಕವರಿಗೆ ಅಂಟು ಹಚ್ಚಿದವಳು ಒಣಗುವ ಮೊದಲೇ ಬಿಚ್ಚಿದೆ. ಬರೆಯಬೇಕಾದದ್ದನ್ನು ಬಿಟ್ಟು ಪೊರಕೆಯ ಕಥೆ ಬರೆದಿದ್ದೇನೆ.

ಭಾನುವಾರ ದಡಕ್ಕೆ ಬಂದ ಮೇಲೆ, ಬೈದು ಬೈದು ಸುಸ್ತಾಗಿ ಕಟ್ಟೆಯ ಮೇಲೆ ಅವರ ಎದುರಿಗೇ ಕೂತೆ. ಮಫ್ಲರ್ ಇನ್ನೂ ಮೂಗಿನ ಮೇಲೇ ಇತ್ತು. "ಟೀ ಕುಡೀತೀರಾ?" ಅಂದೆ. "ಹೂಂ" ಅಂದರು. ತಂದುಕೊಟ್ಟಾಗ, ಇದು ಎಲ್ಲಿಂದ ಬಂತು ಅನ್ನುವ ಹಾಗೆ ಲೋಟ ನೋಡಿದರು. ನನಗೆ ಏನೋ ಚುಚ್ಚಿತು. ಮಫ್ಲರ್ ಬಿಚ್ಚದೆಯೇ ಕೇಳಿದೆ, "ರೀ, ನಾಳೆ ನಾನು ಸತ್ತುಹೋದ್ರೆ ಏನು ಮಾಡ್ತೀರಿ?"

"ಹೂಂ, ಒಳ್ಳೇದು" ಅಂದರು. ನಗುತ್ತಾ.

ಮಫ್ಲರ್ ಎಳೆದುಹಾಕಿ ಅದೇ ಮಾತನ್ನು ಮತ್ತೆ ಹೇಳಿದೆ. ಆಗ ಅವರ ಮುಖ ಬಿಳುಚಿಕೊಂಡಿತು. "ಯಾವಾಗಿಂದ?" ಅಂದೆ. ಪ್ರೆಸ್ಸು ಬಿಡುವ ಮೊದಲಿಂದಲೇ ಅಂತೆ. ಆ ಮಶೀನಿನ ಗದ್ದಲದಲ್ಲಿ ಅಲ್ಲಿಯವರೆಲ್ಲ ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರಂತೆ. ಕಿವಿ ಹೋದದ್ದು ತಮಗೇ ತಡವಾಗಿ ಗೊತ್ತಾಯಿತಂತೆ. ಎದುರಿಗಿದ್ದರೆ ತಿಳಿಯುತ್ತದೆ, ಬೆನ್ನು ಹಾಕಿದರೆ ಇಲ್ಲ. ನಾನೋ ಒಲೆಯ ಕಡೆ ಮುಖ ಮಾಡಿಯೇ ಸಂಸಾರ ಮಾಡಿದವಳು. ದೋಣಿಯಲ್ಲಿ ಮಾತ್ರ ಎದುರಿಗೆ ಕೂರಲೇಬೇಕು, ಎದ್ದು ಹೋಗುವ ಹಾಗಿಲ್ಲ. ಬೈಂಡರ್ ಮಾವನಿಗೆ ಮೊದಲೇ ಗೊತ್ತಿತ್ತು. ಈ ಗಂಡಸರನ್ನು ಏನು ಮಾಡಬೇಕು ಹೇಳು! ಊರಿನವರ ಕಿವಿಯ ಹಿಂದೆ ಕನ್ನಡಕದ ಕಡ್ಡಿ ಕೂರಿಸುವವಳು ನಾನು, ಮನೆಯ ಕಿವಿ ನೋಡಲಿಲ್ಲ.

ಆ ಫೋನಿನ ದಿನ ನಾನು ಅಂಗಡಿಯಲ್ಲಿದ್ದೆ. ನೀನು ಫೋನ್ ಮಾಡಿ "ಅಪ್ಪಾ, ಮಗು ಹೋಯ್ತು" ಅಂದೆ. ಅವರು "ಹೂಂ, ಒಳ್ಳೇದು ಮಗಳೇ, ಅಮ್ಮ ಬಂದ್ಮೇಲೆ ಹೇಳ್ತೀನಿ" ಅಂದು ಇಟ್ಟುಬಿಟ್ಟರು. ನನಗೆ ಹೇಳಲೂ ಇಲ್ಲ. ಮಾರನೇ ದಿನ ಅಳಿಯಂದಿರು ಹೇಳಿದ ಮೇಲೆ ನಾನು ಮನೆಗೆ ಬಂದು, ಅವರ ಎದುರಿಗೆ ನಿಂತು, ನೀವು ಮನುಷ್ಯರೇನ್ರೀ ಅಂತ ಕೇಳಿದೆನಲ್ಲ, ಆಗಲೇ ಅವರಿಗೆ ಮಗು ಹೋದದ್ದು ಗೊತ್ತಾದದ್ದು. ಫೋನಿಗೆ ತುಟಿ ಇರುವುದಿಲ್ಲ ಗುಬ್ಬಿ. ನಿನ್ನ ದನಿಯ ಸದ್ದಷ್ಟೇ ಕೇಳಿ, ಮಗಳು ಎಂದಿನ ಹಾಗೆ ಚೆನ್ನಾಗಿದ್ದೇನೆ ಅಂತ ಹೇಳಿರಬೇಕು ಅಂದುಕೊಂಡರಂತೆ.

"ಕೇಳಿಸ್ಲಿಲ್ಲ ಅಂತ ಆಮೇಲಾದ್ರೂ ಅವಳಿಗೆ ಹೇಳ್ಬಾರ್ದಿತ್ತಾ?" ಅಂದೆ.

"ಮಗು ಕಳ್ಕೊಂಡು ಮಲಗಿರೋಳ ಹತ್ರ ನನ್ನ ಕಿವಿ ಕಥೆ ಹೇಳ್ಲಾ?" ಅಂದರು. ಆಮೇಲೆ ಕೆರೆಯ ಕಡೆ ನೋಡುತ್ತಾ, "ಒಂದ್ಸಲ ಬಂದು ಎದುರಿಗೆ ಕೂತು ಬಾಯಿಗೆ ಬಂದ ಹಾಗೆ ಬೈದುಬಿಡ್ಲಿ. ಒಂದು ಮಾತೂ ತಪ್ಪಲ್ಲ ನನಗೆ" ಅಂದರು. ಎದುರು ಹಲಗೆಯ ಈ ಹಟವೆಲ್ಲ ಯಾಕೆ ಅಂತ ನನಗೆ ಆಗ ತಿಳಿಯಿತು. ಅಲ್ಲೇ ಕೂತು ಅತ್ತುಬಿಟ್ಟೆ, ಕ್ಲಬ್ಬಿನವರ ಮುಂದೆಯೇ. ಇನ್ನೇನು ಮರ್ಯಾದೆ ಉಳಿದಿತ್ತು?

ಕಿವಿ ಡಾಕ್ಟರ ಹತ್ತಿರ ಸೋಮವಾರಕ್ಕೆ ಹೆಸರು ಬರೆಸಿದ್ದೇನೆ. ನೋಡೋಣ ಅನ್ನುತ್ತಾರೆ. ಏನು ನೋಡುವುದು, ಕಿವಿ ಹಿಡಿದು ಕರೆದುಕೊಂಡು ಹೋಗುತ್ತೇನೆ. ನನ್ನ ಹಾಸಿಗೆಯನ್ನು ನಿನ್ನ ರೂಮಿನಿಂದ ಎತ್ತಿದ್ದೇನೆ, ಅದು ಖಾಲಿ ಇದೆ. ದೋಣಿಯ ಬುಡಕ್ಕೆ ತೇಪೆ ಹಾಕಿ ಆಯಿತು, ಹುಟ್ಟೂ ಸಿಕ್ಕಿತು. ಆ ಎದುರು ಹಲಗೆ ನಾನು ಬಿಟ್ಟುಕೊಡುತ್ತೇನೆ, ನೀನು ಬಂದು ಕೂರು. ಬೈಯುವುದಿದ್ದರೆ ಬೈಯಿ, ಅಳುವುದಿದ್ದರೆ ಅಳು, ಏನೂ ಬೇಡವೆಂದರೆ ಡ್ರಮ್ಮಿನ ಹತ್ತಿರ "ಕಿಟಕಿ" ಅಂತ ಕೂಗಿದರೂ ಸಾಕು.

ಎಷ್ಟೇ ಚಳಿ ಇರಲಿ, ಮಫ್ಲರ್ ಮಾತ್ರ ಹಾಕಿಕೊಂಡು ಬರಬೇಡ.